ಥಿಯೇಟರಿನಿಂದ ಫ್ರೀಜರಿನವರೆಗೆ: ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಸಂಶೋಧನಾ ಲ್ಯಾಬ್ ಕಟ್ಟುವ ಬಗೆ

ಸರ್ಜರಿ ವಿಭಾಗದಲ್ಲಿ ಒಂದು ಸಂಶೋಧನಾ ಲ್ಯಾಬ್ ಮಾಡೋಣ ಎಂಬ ಮಾತು ಎದ್ದಾಗ ಎಲ್ಲರೂ ಮೊದಲು ಬರೆಯಲು ಕೂರುವುದು ಯಂತ್ರಗಳ ಪಟ್ಟಿಯನ್ನು. ಕೊಟೇಶನ್ ತರಿಸುತ್ತಾರೆ, ಕೋಣೆ ಹುಡುಕುತ್ತಾರೆ, ಉದ್ಘಾಟನೆಯೂ ಆಗುತ್ತದೆ. ಎರಡು ವರ್ಷದ ನಂತರ ಫ್ರೀಜರ್ ತೆರೆದರೆ ಅಲ್ಲಿರುವ ಅರ್ಧದಷ್ಟು ಮಾದರಿಗಳು ಯಾವ ಪರೀಕ್ಷೆಗೂ ಬಾರದಂತಾಗಿರುತ್ತವೆ. ಇದಕ್ಕೆ ಕಾರಣ ಯಂತ್ರಗಳಲ್ಲಿಲ್ಲ. ಸರ್ಜನ್ ರಕ್ತನಾಳ ಕಟ್ಟಿದ ಕ್ಷಣದಿಂದ ಅಂಗಾಂಶಕ್ಕೆ ಆಮ್ಲಜನಕ ನಿಂತುಹೋಗುತ್ತದೆ. ಆ ನಿಮಿಷದಿಂದಲೇ ಜೀವಕೋಶಗಳೊಳಗೆ ಒತ್ತಡಕ್ಕೆ ಸ್ಪಂದಿಸುವ ಜೀನ್‌ಗಳು ಚುರುಕಾಗುತ್ತವೆ, ಫಾಸ್ಫೇಟ್ ಅಂಟಿದ ಪ್ರೋಟೀನ್‌ಗಳು ಬದಲಾಗುತ್ತವೆ, ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ಒಡೆಯತೊಡಗುತ್ತದೆ. ಒಂದೂವರೆ ಗಂಟೆ ಟ್ರೇಯಲ್ಲಿ ಬಿದ್ದಿದ್ದ ತುಂಡಿನಲ್ಲಿ ನೀವು ಅಳೆಯುವುದು ರೋಗವನ್ನಲ್ಲ, ಟ್ರೇಯಲ್ಲಿ ಕಳೆದ ಆ ಒಂದೂವರೆ ಗಂಟೆಯನ್ನು.

ಆದ್ದರಿಂದ ಈ ಮಾರ್ಗದರ್ಶಿ ಥಿಯೇಟರಿಗೂ ಫ್ರೀಜರಿಗೂ ನಡುವಿನ ದಾರಿಯನ್ನೇ ಲ್ಯಾಬ್ ಎಂದು ಹಿಡಿದುಕೊಂಡು ಹೊರಡುತ್ತದೆ. ಕಣ್ಣಮುಂದಿರುವುದು ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಮೆಡಿಕಲ್ ಕಾಲೇಜು ಆಸ್ಪತ್ರೆ: ಸ್ವಂತ ಪೆಥಾಲಜಿ ವಿಭಾಗವಿದೆ, ಪಿ.ಜಿ. ವಿದ್ಯಾರ್ಥಿಗಳಿದ್ದಾರೆ, ಜನರೇಟರ್ ಇದೆ, ಹಣ ಮಿತವಾಗಿದೆ.

ಮೊದಲು ಓ.ಟಿ. ರಿಜಿಸ್ಟರ್ ತೆರೆಯಿರಿ

ಕಳೆದ 12 ತಿಂಗಳ ಆಪರೇಷನ್ ಥಿಯೇಟರ್ (ಓ.ಟಿ.) ರಿಜಿಸ್ಟರ್ ಇಟ್ಟುಕೊಂಡು ನಿಮ್ಮಲ್ಲಿ ನಿಜವಾಗಿ ಯಾವ ಕೇಸುಗಳು ಬರುತ್ತಿವೆ ಎಂದು ಎಣಿಸಿ. ಬಾಯಿ ಕ್ಯಾನ್ಸರ್, ಸ್ತನದ ಗಡ್ಡೆ, ಥೈರಾಯ್ಡ್, ಪಿತ್ತಕೋಶದ ಕಲ್ಲು, ಮಧುಮೇಹಿಗಳ ಕಾಲಿನ ಹುಣ್ಣು, ಇವುಗಳಲ್ಲಿ ಯಾವುದು ವಾರಕ್ಕೊಂದಾದರೂ ಬರುತ್ತದೆಯೋ ಅದರಲ್ಲಿ ನಿಮ್ಮ ಪ್ರಶ್ನೆ ಇರಲಿ. ಎಣಿಕೆಯಲ್ಲಿ ಕಠಿಣವಾಗಿರಿ. ಉದಾಹರಣೆಗೆ ವರ್ಷಕ್ಕೆ 60 ಸ್ತನ ಕ್ಯಾನ್ಸರ್ ಆಪರೇಷನ್ ಎಂದಿಟ್ಟುಕೊಳ್ಳಿ. ಅದರಲ್ಲಿ ಮೊದಲೇ ಕೀಮೋ ಪಡೆದವರನ್ನು ಕಳೆಯಿರಿ, ಗಡ್ಡೆ ತೀರಾ ಚಿಕ್ಕದಿದ್ದವರನ್ನು ಕಳೆಯಿರಿ, ಒಪ್ಪಿಗೆ ಕೊಡದವರನ್ನು ಕಳೆಯಿರಿ, ರಾತ್ರಿ ಮತ್ತು ರಜಾ ದಿನದ ಕೇಸುಗಳನ್ನು ಕಳೆಯಿರಿ. ಕೈಯಲ್ಲಿ 20 ಉಳಿದರೆ ಪುಣ್ಯ. 200 ಮಾದರಿ ಬೇಡುವ ಯೋಜನೆಯನ್ನು ಈ ಸಂಖ್ಯೆಯ ಮೇಲೆ ಬರೆದರೆ ಅದು ಮುಗಿಯಲು ಹತ್ತು ವರ್ಷ ಬೇಕು.

ಹೊಸ ಲ್ಯಾಬ್‌ಗೆ ಮಧುಮೇಹದ ಕಾಲಿನ ಹುಣ್ಣು ಒಳ್ಳೆಯ ಆರಂಭ ಎಂಬುದು ನಮ್ಮ ಅಭಿಪ್ರಾಯ. ಕೇಸುಗಳಿಗೆ ಕೊರತೆಯಿಲ್ಲ, ಡಿಬ್ರೈಡ್‌ಮೆಂಟ್‌ನಲ್ಲಿ (ಹುಣ್ಣಿನ ಸತ್ತ ಭಾಗ ಕತ್ತರಿಸಿ ತೆಗೆಯುವುದು) ತೆಗೆದ ಅಂಗಾಂಶ ಸಾಕಷ್ಟು ಸಿಗುತ್ತದೆ, ಅದೇ ರೋಗಿ ಮತ್ತೆ ಮತ್ತೆ ಬರುವುದರಿಂದ ಗಾಯ ಮಾಯುವ ಹಾದಿಯನ್ನು ಹಂತಹಂತವಾಗಿ ನೋಡಬಹುದು. ಉತ್ತರ ಸಿಕ್ಕರೆ ಅದರಿಂದ ಉಪಕಾರವಾಗುವುದೂ ನಿಮ್ಮ ವಾರ್ಡಿನವರಿಗೇ.

ಪ್ರಶ್ನೆ ಗಟ್ಟಿಯಾದ ಮೇಲೆ ಮಾದರಿಯ ರೂಪ ತಾನಾಗಿ ತೀರ್ಮಾನವಾಗುತ್ತದೆ. ಆರ್‌ಎನ್‌ಎ ಬೇಕೆಂದರೆ ತಕ್ಷಣ ಹೆಪ್ಪುಗಟ್ಟಿಸಿದ ತುಂಡು ಅಥವಾ ಆರ್‌ಎನ್‌ಎ ಒಡೆಯದಂತೆ ಕಾಯುವ ರಕ್ಷಕ ದ್ರಾವಣ. ಜೀವಂತ ಕೋಶ ಬೇಕೆಂದರೆ ತಣ್ಣನೆಯ ಪೋಷಕ ಮಾಧ್ಯಮ. ಸ್ಲೈಡಿನ ಮೇಲೆ ನೋಡುವುದಷ್ಟೇ ಸಾಕೆಂದರೆ ಫಾರ್ಮಲಿನ್ ಮತ್ತು ಪ್ಯಾರಾಫಿನ್ ಮೇಣದ ಬ್ಲಾಕ್. ಕೊನೆಯದಕ್ಕೆ ಹೊಸ ಲ್ಯಾಬೇ ಬೇಕಿಲ್ಲ, ಪೆಥಾಲಜಿಯ ಸಹಕಾರ ಸಾಕು.

ಅನುಮತಿಗಳು: ಕೋಣೆಗಿಂತ ಮೊದಲು

ಇವುಗಳಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಸಿವಿಲ್ ಕೆಲಸದ ಜೊತೆಜೊತೆಗೇ ಶುರುವಾಗಲಿ.

ಮೊದಲನೆಯದು ಸಾಂಸ್ಥಿಕ ನೈತಿಕ ಸಮಿತಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಜೈವಿಕ ವೈದ್ಯಕೀಯ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಔಷಧ ಟ್ರಯಲ್‌ಗಳಿಗೆಂದು ಪಡೆದ ನೋಂದಣಿಯೇ ಬೇರೆ, ಇದೇ ಬೇರೆ. ನಿಮ್ಮ ಕಾಲೇಜಿನ ಸಮಿತಿಯ ಬಳಿ ಯಾವುದಿದೆ, ಅವಧಿ ಮುಗಿದಿಲ್ಲವೇ ಎಂದು ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ. ಅರ್ಜಿ ಬರೆಯುವಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಜೈವಿಕ ಮಾದರಿ ಮತ್ತು ಅದನ್ನು ಕೂಡಿಡುವ ಬಯೋಬ್ಯಾಂಕಿಂಗ್ ಬಗ್ಗೆ ಇರುವ ಅಧ್ಯಾಯವನ್ನು ಎದುರಿಗಿಟ್ಟುಕೊಳ್ಳಿ.

ಜೀನ್ ಬದಲಿಸಿದ ಕೋಶ, ಜೀನ್ ಸಾಗಿಸಲು ಬಳಸುವ ವೈರಸ್ (ವೈರಲ್ ವೆಕ್ಟರ್) ಇಂಥವನ್ನು ಬಳಸುವುದಾದರೆ 1989ರ ನಿಯಮಗಳಡಿ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ ಬೇಕು. ಮಾದರಿಯನ್ನೋ ಹಣವನ್ನೋ ವಿದೇಶದ ಸಂಸ್ಥೆಯೊಂದಿಗೆ ಹಂಚಿಕೊಳ್ಳುವುದಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಹಾದಿ ಬೇರೆ ಇದೆ. ಪ್ರಾಣಿ ಪ್ರಯೋಗವನ್ನು ಆಸ್ಪತ್ರೆಯೊಳಗೆ ಯೋಚಿಸಲೇಬೇಡಿ. ನೋಂದಣಿಯಿರುವ ಪ್ರಾಣಿಗೃಹದ ಜೊತೆ ಸೇರಿ ಮಾಡಿ. ಜೈವಿಕ ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಆಸ್ಪತ್ರೆ ಪಡೆದಿರುವ ಅನುಮತಿಯೊಳಗೆ ಹೊಸ ಲ್ಯಾಬ್ ಸೇರಿಕೊಳ್ಳಬೇಕು. ಶುದ್ಧ ಎಥನಾಲ್ ಕೊಳ್ಳಲು ಅಬಕಾರಿ ಇಲಾಖೆಯ ಪರವಾನಗಿ ಬೇಕೆಂಬುದು ಸಾಮಾನ್ಯವಾಗಿ ಮರೆತುಹೋಗಿ, ಲ್ಯಾಬ್ ತೆರೆದ ಮೇಲೆ ಆರ್‌ಎನ್‌ಎ ತೆಗೆಯಲಾಗದೆ ಕೂರಬೇಕಾಗುತ್ತದೆ. ಆಸ್ಪತ್ರೆಯ ಫಾರ್ಮಸಿಗೆ ಪರವಾನಗಿ ಇದ್ದರೆ ಅದರ ಮೂಲಕವೇ ತರಿಸಲು ಸಾಧ್ಯವೇ ಕೇಳಿ.

ಎಲ್ಲಕ್ಕಿಂತ ಮುಖ್ಯವಾದ ಕಾಗದ ಪೆಥಾಲಜಿ ವಿಭಾಗದೊಂದಿಗಿನ ಲಿಖಿತ ಒಪ್ಪಂದ. ಹೊರತೆಗೆದ ಅಂಗಾಂಶದ ಮೇಲೆ ಮೊದಲ ಹಕ್ಕು ರೋಗಿಯ ರೋಗನಿರ್ಣಯದ್ದು. ಯಾವ ಅಂಗದಿಂದ, ಯಾರು, ಎಲ್ಲಿಂದ, ಎಷ್ಟು ಕತ್ತರಿಸಬೇಕು ಎಂದು ಒಂದೇ ಪುಟದಲ್ಲಿ ಬರೆದು ಎರಡೂ ವಿಭಾಗದ ಮುಖ್ಯಸ್ಥರು ಸಹಿ ಹಾಕಲಿ. ಸರ್ಜನ್ ತಾನೇ ಥಿಯೇಟರಿನಲ್ಲಿ ಗಡ್ಡೆ ಸೀಳಿ ತುಂಡು ತೆಗೆದರೆ ಅಂಚುಗಳ ಗುರುತು ಕೆಟ್ಟು, ಕ್ಯಾನ್ಸರ್ ಅಂಚಿನವರೆಗೆ ಹಬ್ಬಿದೆಯೋ ಇಲ್ಲವೋ ಹೇಳಲಾಗದ ಸ್ಥಿತಿ ಬರುತ್ತದೆ. ಅದರ ಬೆಲೆ ತೆರುವವರು ರೋಗಿ. 1 ಸೆಂ.ಮೀ.ಗಿಂತ ಚಿಕ್ಕ ಗಡ್ಡೆಯನ್ನು ಸಂಶೋಧನೆಗೆ ಮುಟ್ಟುವುದಿಲ್ಲ, ಹಂತ ನಿರ್ಧರಿಸುವ ದುಗ್ಧಗ್ರಂಥಿಗಳನ್ನು ಮುಟ್ಟುವುದಿಲ್ಲ ಎಂಬ ಎರಡು ಸಾಲು ಆ ಪುಟದಲ್ಲಿರಲಿ.

ಕೋಣೆ

ಸುಮಾರು 500 ಚದರಡಿ ಸಾಕು, ಆದರೆ ಅದು ಓ.ಟಿ. ಇರುವ ಮಹಡಿಯಲ್ಲೇ ಇರಬೇಕು. ಇನ್ನೊಂದು ಬ್ಲಾಕಿನಲ್ಲಿ 2,000 ಚದರಡಿ ಕೊಡುತ್ತೇವೆಂದರೂ ಬೇಡ ಅನ್ನಿ. ಲಿಫ್ಟಿಗೆ ಕಾಯುವ ಹತ್ತು ನಿಮಿಷ ಪ್ರತಿ ಮಾದರಿಯಲ್ಲೂ ದಾಖಲಾಗುತ್ತದೆ.

ಈ ಜಾಗವನ್ನು ನಾಲ್ಕಾಗಿ ಒಡೆಯಿರಿ: ಬಾಗಿಲ ಬಳಿ ಮಾದರಿ ಸ್ವೀಕರಿಸಿ ಕತ್ತರಿಸುವ ಬೆಂಚು, ಮುಚ್ಚಿದ ಬಾಗಿಲಿನ, ಜೀವಂತ ಕೋಶ ಬೆಳೆಸುವ ಸುಮಾರು 100 ಚದರಡಿಯ ಕೋಶ ಕೃಷಿ ಕೋಣೆ, ಮಧ್ಯೆ ಸಾಮಾನ್ಯ ಕೆಲಸದ ಬೆಂಚು, ಮತ್ತು ಫ್ರೀಜರ್ ಮೂಲೆ. ಪಿಸಿಆರ್ (ಚೂರು ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪರೀಕ್ಷೆ) ಮಾಡುವುದಾದರೆ ಮಿಶ್ರಣ ತಯಾರಿಸುವ ಜಾಗ ಮತ್ತು ಪಿಸಿಆರ್ ಮುಗಿದ ಟ್ಯೂಬ್ ತೆರೆಯುವ ಜಾಗ ಬೇರೆ ಬೇರೆ ಇರಲಿ, ಪಿಪೆಟ್‌ಗಳೂ ಬೇರೆ ಇರಲಿ. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ನೀರು ಹಾಕಿದ ಟ್ಯೂಬೂ ಪಾಸಿಟಿವ್ ತೋರಿಸುತ್ತದೆ. ಪರೀಕ್ಷೆಯಾಗದ ಮಾನವ ರಕ್ತ, ಅಂಗಾಂಶಗಳನ್ನು ಎರಡನೇ ಹಂತದ ಜೈವಿಕ ಸುರಕ್ಷತೆಯಲ್ಲಿ ನಿರ್ವಹಿಸಬೇಕು: ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಬಾಗಿಲ ಬಳಿ ಮೊಣಕೈಯಿಂದ ತಿರುಗಿಸುವ ನಲ್ಲಿಯ ಸಿಂಕು, ಕಣ್ಣು ತೊಳೆಯುವ ವ್ಯವಸ್ಥೆ, ಕೀಲುಗಳಿಲ್ಲದ ವಿನೈಲ್ ಅಥವಾ ಎಪಾಕ್ಸಿ ನೆಲ, ಜೈವಿಕ ಅಪಾಯದ ಚಿಹ್ನೆ. ಸೀಲಿಂಗ್ ಫ್ಯಾನ್ ಕಿತ್ತುಹಾಕಿ. ಅದರ ಗಾಳಿಯಲ್ಲಿ ಸುರಕ್ಷತಾ ಕ್ಯಾಬಿನೆಟ್ ಕೆಲಸ ಮಾಡುವುದಿಲ್ಲ.

ಯಂತ್ರ ಆರ್ಡರ್ ಮಾಡುವ ಮೊದಲು ಟೇಪ್ ಹಿಡಿದು ಲಿಫ್ಟ್, ತಿರುವು, ಬಾಗಿಲುಗಳನ್ನು ಅಳೆಯಿರಿ. ನಿಂತಿರುವ ಮಾದರಿಯ ಮೈನಸ್ 80 ಡಿಗ್ರಿಯ ಫ್ರೀಜರ್ ಸುಮಾರು 300 ಕೆ.ಜಿ. ತೂಗುತ್ತದೆ. 90 ಸೆಂ.ಮೀ. ಬಾಗಿಲಿನಲ್ಲಿ ಅದು ಹೋಗದೆ ಗೋಡೆ ಒಡೆಸುವುದು ಅಪರೂಪದ ಸಂಗತಿಯಲ್ಲ.

ಕರೆಂಟು ಮತ್ತು ಚಳಿ

ನಮ್ಮ ಊರುಗಳಲ್ಲಿ ಲ್ಯಾಬ್ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಫ್ರೀಜರ್, ಇನ್ಕ್ಯುಬೇಟರ್‌ಗಳಿಗೆ ಓ.ಟಿ.ಯ ಜನರೇಟರ್ ಲೈನಿನಿಂದಲೇ ಪ್ರತ್ಯೇಕ ಸರ್ಕ್ಯೂಟ್ ಎಳೆಸಿ. ಪ್ರತಿ ಫ್ರೀಜರಿಗೂ ಸ್ವಂತ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇರಲಿ. ಕಂಪ್ರೆಸರ್ ಚಾಲೂ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಸಣ್ಣ ಯುಪಿಎಸ್ ಅದನ್ನು ತಾಳದು. ಫ್ರೀಜರಿಗೆ ಜನರೇಟರ್ ಮತ್ತು ಸ್ಟೆಬಿಲೈಸರ್, ಕಂಪ್ಯೂಟರ್ ಹಾಗೂ ಅಲಾರಂಗೆ ಯುಪಿಎಸ್, ಹೀಗೆ ಹಂಚಿ. ಕರೆಂಟ್ ಮರಳಿದಾಗ ಎಲ್ಲ ಕಂಪ್ರೆಸರ್‌ಗಳೂ ಒಟ್ಟಿಗೆ ಎದ್ದು ಎಂಸಿಬಿ ಬೀಳದಂತೆ ಒಂದೊಂದಕ್ಕೂ ಬೇರೆ ಬೇರೆ ವಿಳಂಬ ಇಡಿಸಿ, ಕೆಲವು ನಿಮಿಷಗಳ ಅಂತರದಲ್ಲಿ.

ಮೈನಸ್ 80 ಫ್ರೀಜರ್ ಒಳಗೆ ಎಷ್ಟು ಚಳಿ ಮಾಡುತ್ತದೋ ಹೊರಗೆ ಅದಕ್ಕಿಂತ ಹೆಚ್ಚು ಶಾಖ ಉಗುಳುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಏಸಿ ಇಲ್ಲದ ಕೋಣೆಯಲ್ಲಿಟ್ಟರೆ ಕಂಪ್ರೆಸರ್ ನಿಲ್ಲದೆ ಓಡಿ ಬೇಗ ಸಾಯುತ್ತದೆ. ಕೋಣೆ 25 ಡಿಗ್ರಿ ದಾಟದಿರಲಿ, ಸುತ್ತ 15ರಿಂದ 20 ಸೆಂ.ಮೀ. ಜಾಗ ಬಿಡಿ, ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯಿರಿ. ಮೈನಸ್ 80ರ ಬದಲು ಮೈನಸ್ 70ಕ್ಕೆ ಇಟ್ಟರೆ ವಿದ್ಯುತ್ ಗಮನಾರ್ಹವಾಗಿ ಉಳಿಯುತ್ತದೆ, ಕಂಪ್ರೆಸರಿಗೂ ನೆಮ್ಮದಿ. ಅಲಾರಂ ಕೋಣೆಯಲ್ಲಿ ಕೂಗಿದರೆ ಸಾಲದು, ಸಿಮ್ ಇರುವ ಸಾಧನ ಮೂವರ ಮೊಬೈಲಿಗೆ ಕರೆ ಮಾಡಬೇಕು. ಮೂರನೆಯವರು ರಾತ್ರಿ ಡ್ಯೂಟಿಯ ಎಲೆಕ್ಟ್ರಿಷಿಯನ್ ಆಗಿರಲಿ.

ಪಿಸಿಆರ್ ಕಿಣ್ವಗಳಿಗೆ ಮೈನಸ್ 20 ಫ್ರೀಜರ್ ಕೊಳ್ಳುವಾಗ ಫ್ರಾಸ್ಟ್-ಫ್ರೀ ಮಾದರಿ ಬೇಡ. ಅದು ಮಂಜು ಕರಗಿಸಲು ಆಗಾಗ ತಾನೇ ಬಿಸಿಯಾಗುತ್ತದೆ, ಕಿಣ್ವಗಳು ಕರಗಿ ಗಟ್ಟಿಯಾಗಿ ಸತ್ವ ಕಳೆದುಕೊಳ್ಳುತ್ತವೆ. ಕೈಯಿಂದ ಮಂಜು ತೆಗೆಯುವ ಹಳೆಯ ಬಗೆಯದೇ ಸರಿ.

ದ್ರವ ಸಾರಜನಕ ಮೈನಸ್ 196 ಡಿಗ್ರಿಯದು. ದೊಡ್ಡ ನಗರದಿಂದ ದೂರವಿರುವ ಜಿಲ್ಲೆಗಳಲ್ಲಿ ಇದನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದರೆ ಪಶುಪಾಲನಾ ಇಲಾಖೆಯನ್ನೋ ಹಾಲು ಒಕ್ಕೂಟವನ್ನೋ ಕೇಳಿ. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳನ್ನು ಇಡುವುದು ಇದರಲ್ಲೇ. ಅವರಿಗೆ ಪೂರೈಸುವವರ ವಾಹನ ನಿಮ್ಮ ಊರಿನ ಮೇಲೇ ಹಾದುಹೋಗುತ್ತಿರುತ್ತದೆ. ಈ ದ್ರವದ ಅಪಾಯ ಕೈ ಸುಡುವುದಷ್ಟೇ ಅಲ್ಲ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. 10 ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿಯಿದೆ. ಅಲ್ಲಿ 10 ಲೀಟರ್ ಚೆಲ್ಲಿದರೆ ಆಮ್ಲಜನಕ 21ರಿಂದ 16 ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಕಿಟಕಿ ಅಥವಾ ಎಕ್ಸಾಸ್ಟ್ ಮತ್ತು 19.5 ಶೇಕಡಾಕ್ಕೆ ಕೂಗುವ ಆಮ್ಲಜನಕ ಮಾನಿಟರ್ ಇಲ್ಲದೆ ಪಾತ್ರೆಯನ್ನು ಒಳಗೆ ತರಬೇಡಿ. ಲಿಫ್ಟಿನಲ್ಲಿ ಪಾತ್ರೆ ಮಾತ್ರ ಹೋಗಬೇಕು, ಮನುಷ್ಯರು ಮೆಟ್ಟಿಲಲ್ಲಿ. ಮಾದರಿಯಿಟ್ಟ ಚಿಕ್ಕ ಟ್ಯೂಬುಗಳನ್ನು (ಕ್ರಯೋವಯಲ್) ದ್ರವದಲ್ಲಿ ಮುಳುಗಿಸದೆ ಅದರ ಮೇಲಿನ ಆವಿಯಲ್ಲಿಡಿ. ಮುಚ್ಚಳದ ಸಂದಿಯಿಂದ ಒಳಸೇರಿದ ದ್ರವ ಹೊರತೆಗೆದಾಗ ಹಿಗ್ಗಿ ವಯಲ್ ಮುಖದ ಮುಂದೆ ಸಿಡಿಯಬಹುದು.

ಏನು ಕೊಳ್ಳಬೇಕು, ಏನು ಬೇಡ

ಮೊದಲ ವರ್ಷಕ್ಕೆ ಬೇಕಾದದ್ದು ಇಷ್ಟು: ನಾಲ್ಕು ಅಡಿಯ ಎರಡನೇ ದರ್ಜೆ ಎ2 ಮಾದರಿಯ ಜೈವಿಕ ಸುರಕ್ಷತಾ ಕ್ಯಾಬಿನೆಟ್, ಸಿಒ2 ಇನ್ಕ್ಯುಬೇಟರ್, ಸ್ವಿಂಗ್ ರೋಟರಿನ ತಣ್ಣನೆಯ ಸೆಂಟ್ರಿಫ್ಯೂಜ್, ಚಿಕ್ಕ ಟ್ಯೂಬುಗಳ ಮೈಕ್ರೋ ಸೆಂಟ್ರಿಫ್ಯೂಜ್, ಇನ್ವರ್ಟೆಡ್ ಸೂಕ್ಷ್ಮದರ್ಶಕ, ಒಂದು ಮೈನಸ್ 80, ಒಂದು ಮೈನಸ್ 20, ಲ್ಯಾಬ್ ದರ್ಜೆಯ ಫ್ರಿಜ್, 35ರಿಂದ 50 ಲೀಟರಿನ ಸಾರಜನಕ ಪಾತ್ರೆ, ತ್ಯಾಜ್ಯಕ್ಕೇ ಮೀಸಲಾದ ಆಟೋಕ್ಲೇವ್, ತಕ್ಕಡಿ, ಪಿಎಚ್ ಮೀಟರ್, ವಾಟರ್ ಬಾತ್, ಎರಡು ಸೆಟ್ ಮೈಕ್ರೋಪಿಪೆಟ್, ಲೇಬಲ್ ಪ್ರಿಂಟರ್.

ಕ್ಯಾಬಿನೆಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಲ್ಯಾಮಿನಾರ್ ಫ್ಲೋ ಎಂದು ಕಡಿಮೆ ಬೆಲೆಗೆ ಸಿಗುವ ಅಡ್ಡಗಾಳಿಯ ಹುಡ್ ಶುದ್ಧ ಗಾಳಿಯನ್ನು ಮಾದರಿಯ ಮೇಲಿಂದ ನೇರ ನಿಮ್ಮ ಮುಖಕ್ಕೆ ಬೀಸುತ್ತದೆ. ಕೋಶಗಳು ಸುರಕ್ಷಿತ, ಟೆಕ್ನಿಷಿಯನ್ ಅಲ್ಲ. ಮಾನವ ಅಂಗಾಂಶಕ್ಕೆ ಅದನ್ನು ಬಳಸಲೇಕೂಡದು. ಎ2 ಕ್ಯಾಬಿನೆಟನ್ನೂ ಬಾಗಿಲು ಮತ್ತು ಏಸಿಯ ಗಾಳಿಯಿಂದ ದೂರವಿಡಿ, ವರ್ಷಕ್ಕೊಮ್ಮೆ ಗಾಳಿಯ ವೇಗ ಮತ್ತು ಫಿಲ್ಟರ್ ಪರೀಕ್ಷೆ ಮಾಡಿಸಿ. ಅದರೊಳಗೆ ಬರ್ನರ್ ಹಚ್ಚಬೇಡಿ, ಜ್ವಾಲೆ ಗಾಳಿಯ ಪರದೆಯನ್ನು ಒಡೆಯುತ್ತದೆ.

ಸೀಕ್ವೆನ್ಸರ್, ಫ್ಲೋ ಸೈಟೋಮೀಟರ್, ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇವನ್ನು ಕೊಳ್ಳಬೇಡಿ. ತಿಂಗಳಿಗೆ ನಾಲ್ಕು ಮಾದರಿ ನೋಡಲು ಕೋಟಿಗಟ್ಟಲೆಯ ಯಂತ್ರವನ್ನೂ ಅದರ ವಾರ್ಷಿಕ ನಿರ್ವಹಣಾ ಒಪ್ಪಂದವನ್ನೂ (ಎಎಂಸಿ) ಹೊರುವುದು ವ್ಯರ್ಥ. ದೇಶದ ಸಂಶೋಧನಾ ಯಂತ್ರಗಳನ್ನು ಹಂಚಿಕೊಳ್ಳುವ ಐ-ಸ್ಟೆಮ್ ಪೋರ್ಟಲ್ ಇದೆ, ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಸಂಸ್ಥೆಗಳು ಹಣ ಪಡೆದು ಪರೀಕ್ಷೆ ಮಾಡಿಕೊಡುತ್ತವೆ. ನಿಮ್ಮ ಬಳಿ ಇರುವ, ಅವರ ಬಳಿ ಇಲ್ಲದ ಸಂಪತ್ತೆಂದರೆ ಚೆನ್ನಾಗಿ ಕಾಪಾಡಿದ, ಚಿಕಿತ್ಸೆಯ ವಿವರವೆಲ್ಲ ಜೊತೆಗಿರುವ ಅಂಗಾಂಶ. ಬಜೆಟ್ಟಿನ ಮೂರನೇ ಒಂದು ಭಾಗವನ್ನಾದರೂ ಯಂತ್ರಕ್ಕೆ ಹಾಕದೆ ರಾಸಾಯನಿಕ, ಸಾರಜನಕ, ದುರಸ್ತಿ ಮತ್ತು ಸಂಬಳಕ್ಕೆ ಇಟ್ಟುಕೊಳ್ಳಿ.

ಜನ

ಮೂವರು ಬೇಕೇಬೇಕು: ಪೂರ್ಣಾವಧಿಯ ಲ್ಯಾಬ್ ಟೆಕ್ನಿಷಿಯನ್, ಒಪ್ಪಿಗೆ ಪಡೆದು ದಾಖಲೆ ನೋಡಿಕೊಳ್ಳುವ ಸಂಶೋಧನಾ ನರ್ಸ್, ಮತ್ತು ಜೀವವಿಜ್ಞಾನದಲ್ಲಿ ಪಿಎಚ್‌.ಡಿ. ಆದ ವಿಜ್ಞಾನಿ. ಪಿ.ಜಿ.ಗಳ ಮೇಲೆಯೇ ಲ್ಯಾಬ್ ನಡೆಸುತ್ತೇವೆ ಎಂಬುದು ನಡೆಯದ ಮಾತು. ಮೂರು ವರ್ಷದ ಕೋರ್ಸು, ರಾತ್ರಿ ಡ್ಯೂಟಿ, ಪರೀಕ್ಷೆಗಳ ನಡುವೆ ಅವರ ಕೈ ಕುದುರುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಲ್ಯಾಬಿನ ನೆನಪು ಟೆಕ್ನಿಷಿಯನ್ ಬಳಿ ಇರುತ್ತದೆ. ಅವರನ್ನು ಪ್ರಾಜೆಕ್ಟ್ ಮುಗಿದೊಡನೆ ಮನೆಗೆ ಕಳಿಸುವ ವ್ಯವಸ್ಥೆ ಇದ್ದರೆ ಪ್ರತಿ ಸಲವೂ ಮೊದಲಿಂದ ಕಲಿಸಬೇಕು.

ಕಸ ಒಯ್ಯುವ ಡಿ ಗ್ರೂಪ್ ನೌಕರರೂ ಸೇರಿ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ 0, 1 ಮತ್ತು 6ನೇ ತಿಂಗಳಲ್ಲಿ ಆಗಬೇಕು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಪ್ರತಿಕಾಯ ಲೀಟರಿಗೆ 10 ಘಟಕ ದಾಟಿದೆಯೇ ನೋಡಿ. ಸೂಜಿ ಚುಚ್ಚಿದರೆ ಎಚ್‌ಐವಿ ತಡೆ ಔಷಧವನ್ನು ಎರಡು ಗಂಟೆಯೊಳಗೆ ಶುರು ಮಾಡುವುದು ಒಳ್ಳೆಯದು. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ರಾತ್ರಿ ಆ ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ.

ಒಪ್ಪಿಗೆ

ಆಪರೇಷನ್‌ಗೆ ಒಪ್ಪಿಗೆ ಕೊಡುವುದು ಬೇರೆ, ಉಳಿದ ಅಂಗಾಂಶವನ್ನು ಸಂಶೋಧನೆಗೆ ಕೊಡುವುದು ಬೇರೆ. ಎರಡಕ್ಕೂ ಬೇರೆ ಬೇರೆ ಹಾಳೆ. ಹಿಂದಿನ ದಿನ ವಾರ್ಡಿನಲ್ಲಿ, ಮನೆಯವರ ಜೊತೆ ಕೂತು ಮಾತಾಡುವಷ್ಟು ಸಮಯ ಕೊಟ್ಟು ಕೇಳಿ. ನಿದ್ದೆಯ ಔಷಧಿ ಕೊಟ್ಟ ಮೇಲೆ ಸ್ಟ್ರೆಚರ್ ಮೇಲೆ ಪಡೆದ ಸಹಿಗೆ ಬೆಲೆಯಿಲ್ಲ. ಆಪರೇಷನ್ ಮಾಡುವ ಸರ್ಜನ್ನೇ ಕೇಳದಿರುವುದು ಒಳ್ಳೆಯದು. ಕತ್ತಿ ಹಿಡಿಯುವ ಡಾಕ್ಟರಿಗೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನರ್ಸ್ ಕೇಳಲಿ.

ಹಾಳೆಯ ಕನ್ನಡ ಸರ್ಕಾರಿ ಅನುವಾದದಂತಿರಬಾರದು. "ನಿಮ್ಮ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ ಮೇಲೆ ಉಳಿಯುವ ಚಿಕ್ಕ ಭಾಗವನ್ನು ಎಸೆಯದೆ ಇಟ್ಟುಕೊಂಡು, ಈ ಕಾಯಿಲೆ ಯಾಕೆ ಬರುತ್ತದೆ ಎಂದು ತಿಳಿಯಲು ಬಳಸುತ್ತೇವೆ. ಬೇಡವೆಂದರೂ ನಿಮ್ಮ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ" ಎಂಬಷ್ಟು ನೇರವಾಗಿರಲಿ. ನಿಮ್ಮ ಜಿಲ್ಲೆಗೆ ತಕ್ಕಂತೆ ಉರ್ದು, ತೆಲುಗು, ಮರಾಠಿಯಲ್ಲೂ ಸಿದ್ಧವಿರಲಿ. ಓದಲು ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಪಡೆಯುವಾಗ ತಂಡಕ್ಕೆ ಸೇರದ ಸಾಕ್ಷಿ ಇರಬೇಕು. ಈ ಅಧ್ಯಯನಕ್ಕೆ ಮಾತ್ರವೇ, ಮುಂದಿನವುಗಳಿಗೂ ಆಗಬಹುದೇ, ಜೀನ್ ಪರೀಕ್ಷೆ ಆಗಬಹುದೇ, ಫಲಿತಾಂಶ ತಿಳಿಸಬೇಕೇ ಎಂಬುದಕ್ಕೆ ಬೇರೆ ಬೇರೆ ಚೌಕಗಳಿರಲಿ.

ಇಪ್ಪತ್ತು ನಿಮಿಷ

ಲ್ಯಾಬಿನ ಜೀವ ಇರುವುದು ಇಲ್ಲಿ. ಅಂಗಾಂಶ ದೇಹದಿಂದ ಹೊರಬಂದ ಮೇಲೆ ಹೆಪ್ಪುಗಟ್ಟುವವರೆಗೆ 20 ನಿಮಿಷ ಗುರಿ, 30 ಮಿತಿ.

ಹಿಂದಿನ ಸಂಜೆ ಓ.ಟಿ. ಲಿಸ್ಟ್ ನೋಡಿ ನರ್ಸ್ ಕಿಟ್ ಕಟ್ಟಿಡುತ್ತಾರೆ: ಮುದ್ರಿತ ಲೇಬಲ್ ಅಂಟಿಸಿದ ಕ್ರಯೋವಯಲ್‌ಗಳು, ಒಣ ಸ್ಟೆರೈಲ್ ಡಬ್ಬಿ, ಐಸ್ ಪೆಟ್ಟಿಗೆ, ಸಮಯದ ಕಾರ್ಡು. ಬೆಳಿಗ್ಗೆ ಸ್ಕ್ರಬ್ ಸಿಸ್ಟರಿಗೂ ಓಡಾಡುವ ಸಿಸ್ಟರಿಗೂ ಇದು ಸಂಶೋಧನೆಯ ಕೇಸು ಎಂದು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಅತಿ ಹೆಚ್ಚು ಮಾದರಿಗಳು ಹಾಳಾಗುವುದು ಅಭ್ಯಾಸಬಲದಿಂದ ಫಾರ್ಮಲಿನ್ ಡಬ್ಬಿಗೆ ಬಿದ್ದು. ಒಮ್ಮೆ ಫಾರ್ಮಲಿನ್ ತಗುಲಿದರೆ ಕೋಶ ಕೃಷಿ ಮುಗಿದ ಕತೆ, ಆರ್‌ಎನ್‌ಎಯೂ ಹಾಳು. ಎರಡನೆಯ ತಪ್ಪು ಸಲೈನ್‌ನಲ್ಲಿ ಮುಳುಗಿಸಿಡುವುದು. ತುಂಡು ನೀರು ಕುಡಿದು ಊದಿಕೊಳ್ಳುತ್ತದೆ. ಒಣ ಡಬ್ಬಿಯಲ್ಲಿ, ಬೇಕಿದ್ದರೆ ಹಿಂಡಿದ ಒದ್ದೆ ಗಾಜ್ ಹೊದಿಸಿ, ಐಸಿನ ಮೇಲಿಟ್ಟು ಕಳಿಸಿ; ಐಸಿನೊಳಗೆ ಹೂಳಬೇಡಿ.

ಕಾರ್ಡಿನಲ್ಲಿ ನಾಲ್ಕು ಸಮಯ ಬರೆಯಬೇಕು: ಮುಖ್ಯ ರಕ್ತನಾಳ ಕಟ್ಟಿದ್ದು, ಅಂಗ ಹೊರಬಂದಿದ್ದು, ಲ್ಯಾಬಿಗೆ ತಲುಪಿದ್ದು, ಹೆಪ್ಪುಗಟ್ಟಿಸಿದ್ದು. ಎಲ್ಲವೂ ಒಂದೇ ಗಡಿಯಾರಕ್ಕೆ ಹೊಂದಿರಲಿ. ಥಿಯೇಟರಿನ ಗೋಡೆ ಗಡಿಯಾರವೂ ಲ್ಯಾಬಿನದೂ ಏಳು ನಿಮಿಷ ಹಿಂದುಮುಂದಿದ್ದರೆ ಕಾರ್ಡೇ ಸುಳ್ಳಾಗುತ್ತದೆ. ತಡವಾದ ಮಾದರಿಯನ್ನು ಎಸೆಯಬೇಕಿಲ್ಲ, ತಡವಾದದ್ದನ್ನು ಮುಚ್ಚಿಡಬಾರದು ಅಷ್ಟೆ. 50 ನಿಮಿಷ ಎಂದು ನಿಜ ಬರೆದ ಮಾದರಿ ಡಿಎನ್‌ಎ ಕೆಲಸಕ್ಕೆ ಆದೀತು. 20 ಎಂದು ಸುಳ್ಳು ಬರೆದದ್ದು ಯಾವುದಕ್ಕೂ ಆಗದು.

ಪೆಥಾಲಜಿಸ್ಟ್ ಅಂಚುಗಳಿಗೆ ಶಾಯಿ ಬಳಿದು, ಸೀಳಿ, ಜೀವಂತವಾಗಿ ಕಾಣುವ ಭಾಗದಿಂದ ತುಂಡು ಕೊಡುತ್ತಾರೆ. ಗಡ್ಡೆಯ ನಟ್ಟನಡುವಿನ ಕೊಳೆತ ಭಾಗ ಬೇಡ, ಡಯಾಥರ್ಮಿ (ವಿದ್ಯುತ್ ಶಾಖದ ಕತ್ತಿ) ಸುಟ್ಟ ಅಂಚೂ ಬೇಡ. ದೂರದ ಆರೋಗ್ಯವಂತ ಅಂಗಾಂಶವನ್ನು ಬೇರೆ ಬ್ಲೇಡಿನಿಂದ, ಗಡ್ಡೆಗಿಂತ ಮೊದಲೇ ಕತ್ತರಿಸಿ. ಹಿಂದುಮುಂದಾದರೆ ಗಡ್ಡೆಯ ಕೋಶಗಳು ಬ್ಲೇಡಿನ ಜೊತೆ ಅಲ್ಲಿಗೂ ಹೋಗುತ್ತವೆ.

ಹೆಪ್ಪುಗಟ್ಟಿಸುವ ಕ್ರಮ ಹೀಗೆ. ಸ್ಟೀಲ್ ಲೋಟದಲ್ಲಿ 50ರಿಂದ 100 ಮಿ.ಲೀ. ಐಸೋಪೆಂಟೇನ್ ಹಾಕಿ ದ್ರವ ಸಾರಜನಕದಲ್ಲಿ ಅರ್ಧ ಇಳಿಸಿ. ತಳದಲ್ಲಿ ಬಿಳಿ ಗಟ್ಟಿ ಪದರ ಕಾಣಿಸಿದಾಗ ಅದು ಸುಮಾರು ಮೈನಸ್ 150ರಿಂದ 160 ಡಿಗ್ರಿಗೆ ಬಂದಿದೆ. 5 ಮಿ.ಮೀ. ದಾಟದ ತುಂಡನ್ನು ಓಸಿಟಿ ಜೆಲ್ (ತುಂಡನ್ನು ಹಿಡಿದಿಟ್ಟು ತೆಳುವಾಗಿ ಕತ್ತರಿಸಲು ನೆರವಾಗುವ ಅಂಟು) ಇರುವ ಅಚ್ಚಿನಲ್ಲಿಟ್ಟು ಸುಮಾರು ಒಂದು ನಿಮಿಷ ಅದ್ದಿ, ಮೊದಲೇ ತಣಿಸಿದ ಡಬ್ಬಿಗೆ ಹಾಕಿ ಮೈನಸ್ 80ಕ್ಕೆ ಸೇರಿಸಿ. ಬರಿಯ ತುಂಡನ್ನು ನೇರ ಸಾರಜನಕಕ್ಕೆ ಹಾಕಿದರೆ ಸುತ್ತ ಕುದಿಯುವ ಆವಿಯ ಪದರ ಚಳಿಯನ್ನು ತಡೆಯುತ್ತದೆ. ನಿಧಾನವಾಗಿ ಗಟ್ಟಿಯಾಗುವ ಅಂಗಾಂಶದಲ್ಲಿ ಮಂಜಿನ ಹರಳು ಬೆಳೆದು, ಸ್ಲೈಡಿನಲ್ಲಿ ತೂತುತೂತು ಜಾಲರಿ ಕಾಣಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುವುದಿಲ್ಲ, ಪುಡಿ ಮಾಡಿ ಆರ್‌ಎನ್‌ಎ ತೆಗೆಯುವುದಷ್ಟೇ ಎಂದಾದರೆ 50ರಿಂದ 100 ಮಿ.ಗ್ರಾಂ. ತುಂಡನ್ನು ವಯಲ್‌ನಲ್ಲಿ ಹಾಕಿ ಸಾರಜನಕದಲ್ಲಿ ಕೆಲಹೊತ್ತು ಹಿಡಿದರೆ ಸಾಕು.

ಐಸೋಪೆಂಟೇನ್ 28 ಡಿಗ್ರಿಗೇ ಕುದಿಯುವ, ಬೆಂಕಿಯನ್ನು ಹಾರಿ ಹಿಡಿಯುವ ದ್ರವ. ನಮ್ಮ ಬೇಸಿಗೆಯಲ್ಲಿ ಬಾಟಲಿ ತೆರೆದರೆ ಉಕ್ಕುತ್ತದೆ. ಮನೆ ಬಳಕೆಯ ಫ್ರಿಜ್‌ನೊಳಗಿಟ್ಟರೆ ಥರ್ಮೋಸ್ಟಾಟ್‌ನ ಕಿಡಿಗೆ ಸ್ಫೋಟವಾಗಬಹುದು. ಕಿಡಿರಹಿತ ಫ್ರಿಜ್ ಇಲ್ಲವಾದರೆ ಅದನ್ನು ತರಿಸಲೇಬೇಡಿ, ರಕ್ಷಕ ದ್ರಾವಣಕ್ಕೆ ಹೋಗಿ. 100 ಮಿ.ಗ್ರಾಂ. ಅಂಗಾಂಶಕ್ಕೆ 1 ಮಿ.ಲೀ. ದ್ರಾವಣ, ತುಂಡಿನ ಒಂದು ಬದಿಯಾದರೂ 5 ಮಿ.ಮೀ.ಗಿಂತ ತೆಳು, ರಾತ್ರಿಯಿಡೀ 4 ಡಿಗ್ರಿಯಲ್ಲಿ, ಮರುದಿನ ದ್ರಾವಣ ಬಸಿದು ಮೈನಸ್ 80ಕ್ಕೆ. ರಾತ್ರಿಯ ತುರ್ತು ಆಪರೇಷನ್‌ಗಳಿಗೆ ಇದೇ ದಾರಿ.

ಅದೇ ತುಂಡಿನ ಪಕ್ಕದ ಚೂರೊಂದನ್ನು ಫಾರ್ಮಲಿನ್‌ಗೂ ಹಾಕಿ, ಹತ್ತು ಪಟ್ಟು ದ್ರವದಲ್ಲಿ, 24 ಗಂಟೆ. ಒಂದು ಲೀಟರ್ ಬಫರ್ ಫಾರ್ಮಲಿನ್‌ಗೆ 37 ಶೇಕಡಾದ ಫಾರ್ಮಾಲ್ಡಿಹೈಡ್ 100 ಮಿ.ಲೀ., ನೀರು 900 ಮಿ.ಲೀ., ಮೊನೊಹೈಡ್ರೇಟ್ ರೂಪದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದ ಬರಿ ಫಾರ್ಮಲಿನ್ ಹುಳಿಯಾಗಿ ಡಿಎನ್‌ಎಯನ್ನು ತುಂಡರಿಸುತ್ತದೆ.

ಜೀವಂತ ಕೋಶ ಬೇಕಿದ್ದರೆ ತುಂಡನ್ನು ತಣ್ಣನೆಯ ಮಾಧ್ಯಮಕ್ಕೆ ಹಾಕಿ: ಪ್ರತಿ ಮಿ.ಲೀ.ಗೆ ಪೆನಿಸಿಲಿನ್ 100 ಘಟಕ, ಸ್ಟ್ರೆಪ್ಟೊಮೈಸಿನ್ 100 ಮೈಕ್ರೋಗ್ರಾಂ, ಆಂಫೊಟೆರಿಸಿನ್ 2.5 ಮೈಕ್ರೋಗ್ರಾಂ. ಬಾಯಿ, ಕರುಳು, ಹುಣ್ಣಿನ ತುಂಡುಗಳಿಗೆ ಇಷ್ಟು ಸಾಲದು. ಜೆಂಟಾಮೈಸಿನ್ 50 ಮೈಕ್ರೋಗ್ರಾಂ ಸೇರಿಸಿ, ನಾಲ್ಕೈದು ಸಲ ತೊಳೆಯಿರಿ, ಮೊದಲ ವಾರ ಬೇರೆ ಕೋಶಗಳಿಂದ ದೂರವಿಡಿ. ತಿಂಗಳಿಗೊಮ್ಮೆ ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಇದೆಯೇ ಎಂದು ಪಿಸಿಆರ್ ಮಾಡಿ. ಅದು ಮಾಧ್ಯಮವನ್ನು ಕದಡುವುದಿಲ್ಲ, ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಕೋಶಗಳ ಸ್ವಭಾವವನ್ನೇ ಸದ್ದಿಲ್ಲದೆ ಬದಲಿಸುತ್ತದೆ.

ರಕ್ತ

ಅರಿವಳಿಕೆ ಕೊಡುವ ಮೊದಲೇ ಎಳೆಯಿರಿ. ಪ್ಲಾಸ್ಮಾಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್. ಹೆಪಾರಿನ್ ಟ್ಯೂಬ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. ರಕ್ತದಲ್ಲಿ ತೇಲುವ ಡಿಎನ್‌ಎ ಬೇಕಿದ್ದರೆ ನಾಲ್ಕು ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ 1,600 ಜಿ.ಯಲ್ಲಿ (ಭೂಮಿಯ ಸೆಳೆತದ 1,600 ಪಟ್ಟು ಬಲ) 10 ನಿಮಿಷ, ಮೇಲಿನದನ್ನು ತೆಗೆದು ಮತ್ತೆ 16,000 ಜಿ.ಯಲ್ಲಿ 10 ನಿಮಿಷ. ಬರೀ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆಯುವ ರೂಢಿ ಬಿಡಿ. 0.00001118 × ತ್ರಿಜ್ಯ ಸೆಂ.ಮೀ.ನಲ್ಲಿ × ಆರ್‌ಪಿಎಂನ ವರ್ಗ, ಇದು ಜಿ. ಲೆಕ್ಕ. 3,000 ಆರ್‌ಪಿಎಂ ಎಂದರೆ 16 ಸೆಂ.ಮೀ. ರೋಟರಿನಲ್ಲಿ ಸುಮಾರು 1,610 ಜಿ., 10 ಸೆಂ.ಮೀ.ಯದರಲ್ಲಿ ಬರೀ 1,006. ರಕ್ತಕಣ ಒಡೆದು ಕೆಂಪಗಾದ ಪ್ಲಾಸ್ಮಾ ಕಂಡರೆ ಹಾಗೆಂದೇ ದಾಖಲಿಸಿ.

ಹೆಸರಿಲ್ಲದ ಟ್ಯೂಬು

ಟ್ಯೂಬಿನ ಮೇಲೆ ರೋಗಿಯ ಹೆಸರೂ ಬೇಡ, ಒಳರೋಗಿ (ಐಪಿ) ನಂಬರೂ ಬೇಡ, ಸಂಕೇತ ಮಾತ್ರ. ಸಂಕೇತಕ್ಕೂ ಹೆಸರಿಗೂ ಕೊಂಡಿಯಾದ ಪಟ್ಟಿ ಪಾಸ್‌ವರ್ಡ್ ಇರುವ ಬೇರೆ ಕಂಪ್ಯೂಟರಿನಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಮಾರ್ಕರ್ ಬರಹ ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ, ಮಾಮೂಲಿ ಸ್ಟಿಕರ್ ಮೈನಸ್ 80ರಲ್ಲಿ ಉದುರುತ್ತದೆ. ಕ್ರಯೋ ಲೇಬಲ್‌ಗೆ ಥರ್ಮಲ್ ಟ್ರಾನ್ಸ್‌ಫರ್ ಮುದ್ರಣವೇ ಬೇಕು, ಅದನ್ನು ಟ್ಯೂಬ್ ಬೆಚ್ಚಗಿರುವಾಗಲೇ ಅಂಟಿಸಬೇಕು. ಫ್ರೀಜರ್, ತಟ್ಟೆ, ಡಬ್ಬಿ, ಕುಳಿ, ಹೀಗೆ ನಾಲ್ಕು ಭಾಗದ ವಿಳಾಸ ಪ್ರತಿ ವಯಲ್‌ಗೂ ಇರಲಿ. ಬಾಗಿಲು ತೆರೆದಿಟ್ಟು ಹುಡುಕುವ ಪ್ರತಿ ನಿಮಿಷವೂ ಉಳಿದೆಲ್ಲ ಮಾದರಿಗಳಿಗೆ ಪೆಟ್ಟು. ಒಂದೇ ಮಾದರಿಯನ್ನು ಎರಡು ಫ್ರೀಜರಿಗೆ ಹಂಚಿಡಿ, ಎರಡನೆಯದು ಪಕ್ಕದ ವಿಭಾಗದ್ದಾದರೂ ಸರಿ. ನಿಮ್ಹಾನ್ಸ್‌ನ ಮಿದುಳು ಬ್ಯಾಂಕು 1995ರಿಂದ ಬೆಂಗಳೂರಿನಲ್ಲೇ ನಡೆಯುತ್ತಿದೆ. ಸಾಧ್ಯವಾದರೆ ಟೆಕ್ನಿಷಿಯನ್ನನ್ನು ಅಂಥ ಕಡೆ ಕೆಲವು ದಿನ ಕಳಿಸಿ.

ಕಸ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳೇ ಇಲ್ಲೂ. ಅಂಗಾಂಶ, ರಕ್ತದ ಹತ್ತಿ ಹಳದಿಗೆ, ಟಿಪ್, ಪ್ಲಾಸ್ಟಿಕ್ ಟ್ಯೂಬ್, ಗ್ಲೌಸ್ ಕೆಂಪಿಗೆ, ಸೂಜಿ, ಬ್ಲೇಡ್ ಚುಚ್ಚಲಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಕೋಶ ಕೃಷಿಯ ತಟ್ಟೆಗಳು ಕೋಣೆ ಬಿಡುವ ಮೊದಲೇ ಆಟೋಕ್ಲೇವ್ ಆಗಬೇಕು: 121 ಡಿಗ್ರಿ, 15 ಪೌಂಡ್ ಒತ್ತಡ, 60 ನಿಮಿಷ. ಸಲಕರಣೆ ಶುದ್ಧಗೊಳಿಸುವ 15-20 ನಿಮಿಷದ ಲೆಕ್ಕ ಬಿಗಿಯಾಗಿ ಕಟ್ಟಿದ ಕಸದ ಚೀಲಕ್ಕೆ ಸಾಲದು, ನಡುಭಾಗ ಬೆಚ್ಚಗಾಗಿಯೂ ಇರುವುದಿಲ್ಲ. ದ್ರವಕ್ಕೆ 1 ಶೇಕಡಾ ಹೈಪೊಕ್ಲೋರೈಟ್, ಅಂದಂದೇ ಮಾಡಿದ್ದು: 5 ಶೇಕಡಾದ ಒಂದು ಪಾಲಿಗೆ ನಾಲ್ಕು ಪಾಲು ನೀರು, 30 ನಿಮಿಷ ಬಿಡಿ. ಹೈಪೊಕ್ಲೋರೈಟ್ ಹಾಕಿದ್ದನ್ನು ಆಟೋಕ್ಲೇವ್‌ಗೆ ಇಡಬಾರದು, ಫಾರ್ಮಲಿನ್ ಜೊತೆ ಬೆರೆಸಬಾರದು. ಎರಡರಿಂದಲೂ ವಿಷಗಾಳಿ ಏಳುತ್ತದೆ. ಸಂಸ್ಕರಿಸದ ಕಸ 48 ಗಂಟೆಗಿಂತ ಹೆಚ್ಚು ನಿಲ್ಲಬಾರದು.

ಮೊದಲ ಹತ್ತು ಮಾದರಿ

ರೋಗಿಯ ಅಂಗಾಂಶ ಮುಟ್ಟುವ ಮೊದಲು ಅಂಗಡಿಯಿಂದ ತಂದ ಕೋಳಿಯ ಲಿವರ್ ಮೇಲೆ ಇಡೀ ದಾರಿಯನ್ನು ಐದಾರು ಸಲ ನಡೆಸಿ ನೋಡಿ. ಥಿಯೇಟರಿನ ಬಾಗಿಲಿನಿಂದ ಲ್ಯಾಬಿನ ಬೆಂಚಿನವರೆಗೆ, ಕಾರ್ಡು, ಲೇಬಲ್, ಐಸೋಪೆಂಟೇನ್ ಎಲ್ಲ ಸೇರಿ. ಎಲ್ಲಿ ಕಾಯಬೇಕಾಯಿತು, ಯಾವ ಬೀಗದ ಕೈ ಯಾರ ಬಳಿ ಇತ್ತು ಎಂಬುದು ಆಗಲೇ ಗೊತ್ತಾಗುತ್ತದೆ. ಒಂದು ಭಾನುವಾರ ರಾತ್ರಿ ಮೊದಲೇ ಹೇಳದೆ ಅಲಾರಂ ಕೂಗಿಸಿ, ಮೂವರಲ್ಲಿ ಯಾರು ಫೋನ್ ಎತ್ತುತ್ತಾರೆ ನೋಡಿ.

ಆಮೇಲೆ ಬರುವ ಮೊದಲ ಹತ್ತು ನಿಜವಾದ ಮಾದರಿಗಳನ್ನು ಕೂಡಿಡಬೇಡಿ, ಬಳಸಿಬಿಡಿ. ಪ್ರತಿಯೊಂದರಿಂದ ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ತುಂಡನ್ನು ಕತ್ತರಿಸುವ ಯಂತ್ರ) ಒಂದು ತೆಳು ಪದರ ಕತ್ತರಿಸಿ ಬಣ್ಣ ಹಾಕಿಸಿ, ಅದರಲ್ಲಿ ಗಡ್ಡೆಯ ಕೋಶ ಎಷ್ಟು, ಕೊಳೆತ ಭಾಗ ಎಷ್ಟು ಎಂದು ಪೆಥಾಲಜಿಸ್ಟ್ ಬರೆದುಕೊಡಲಿ. ಆರ್‌ಎನ್‌ಎ ತೆಗೆದು ಅದರ ಗುಣಮಟ್ಟದ ಅಂಕ ನೋಡಿ. 10ಕ್ಕೆ 7 ದಾಟಿದರೆ ದಾರಿ ಸರಿಯಿದೆ. ಸತತವಾಗಿ 4-5 ಬರುತ್ತಿದ್ದರೆ ಕಿಟ್ ಬದಲಿಸಲು ಹೊರಡುವ ಮೊದಲು ಹತ್ತೂ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಎರಡನೇ ಮತ್ತು ಮೂರನೇ ಸಮಯದ ನಡುವಿನ ಅಂತರವನ್ನು ಲೆಕ್ಕ ಹಾಕಿ.